ಅಟ್ಟದಿಂದ ಇಳಿದ ಗಾಳದ ಕೋಲು ಯಾವ ಕಾಲದ್ದು?

ಕಾರವಾರದ ಕೋಡಿಬಾಗದಿಂದ ಭಟ್ಕಳದವರೆಗೆ ಅಳಿವೆಯ ದಂಡೆಗಳಲ್ಲಿ, ಬಂದರಿನ ಕಲ್ಲುಗಳ ಮೇಲೆ ರಾಡ್ ಹಿಡಿದು ನಿಂತವರು ಈಗ ಎಲ್ಲೆಲ್ಲೂ ಕಾಣಸಿಗುತ್ತಾರೆ. ಬಲೆ, ದೋಣಿಗಳ ಮನೆತನದ ಹುಡುಗರಿದ್ದಾರೆ, ಕೈಗಾದಲ್ಲೋ ನೌಕಾನೆಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡುವ ಹೊರಊರಿನವರೂ ಇದ್ದಾರೆ. ಈ ಹವ್ಯಾಸ ಹಬ್ಬಿದಂತೆ, ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಕೋಲುಗಳು ಕೆಳಗಿಳಿದು ಮಾರಾಟಕ್ಕೆ ಬರುತ್ತಿವೆ. ಗುಜರಿ ಅಂಗಡಿಯವರಾಗಲಿ, ಮೊಬೈಲ್‌ನಲ್ಲಿ ಚಿತ್ರ ಹಾಕಿ ಮಾರುವವರಾಗಲಿ, ಎಲ್ಲದಕ್ಕೂ ಒಂದೇ ಮಾತು ಹೇಳುತ್ತಾರೆ: ‘ಬ್ರಿಟಿಷರ ಕಾಲದ್ದು.’

ಕೆಲವು ನಿಜಕ್ಕೂ ಆ ಕಾಲದವು. ಬಹಳಷ್ಟು ಅಲ್ಲ. ಕೊಳ್ಳುವವರು ಮೋಸ ಹೋಗಬಾರದು. ಅದಕ್ಕಿಂತ ಹೆಚ್ಚಾಗಿ, ನಿಜವಾಗಿಯೂ ಹಳೆಯದಾದ ಒಂದು ಕೋಲು ಯಾರಿಗೂ ಗೊತ್ತಾಗದೆ ಬೇಲಿಯ ಗೂಟವಾಗಿ ಹೋಗಬಾರದು. ಕೋಲಿನ ಮೇಲೆ ಇಸವಿ ಬರೆದಿರುವುದು ತೀರಾ ಅಪರೂಪ. ಆದರೂ ಅದು ಹೆಚ್ಚುಕಡಿಮೆ ಯಾವ ದಶಕದ್ದು ಎಂದು ಕಣ್ಣು, ಬೆರಳು, ಒಂದು ಟಾರ್ಚು ಇದ್ದರೆ ಯಾರು ಬೇಕಾದರೂ ಪತ್ತೆ ಮಾಡಬಹುದು.

ಇಲ್ಲಿಗೆ ಬಂದದ್ದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ ಆಡಳಿತ, ವ್ಯಾಪಾರ, ಆಗಬೋಟು ಎಲ್ಲದರ ಮುಖ ಮುಂಬಯಿಯ ಕಡೆಗೇ ಇತ್ತು. ಕಾರವಾರದಲ್ಲಿ ಕಲೆಕ್ಟರರು, ನ್ಯಾಯಾಧೀಶರು ಇದ್ದರು. ದಾಂಡೇಲಿ, ಹಳಿಯಾಳದ ಕಾಡುಗಳಲ್ಲಿ ಅರಣ್ಯಾಧಿಕಾರಿಗಳಿದ್ದರು. ಬೇಟೆ ಮತ್ತು ಮೀನುಹಿಡಿತ ಅವರ ಬಿಡುವಿನ ವೇಳೆಯ ಕೆಲಸ. ಅವರ ಕೋಲುಗಳು ಇಂಗ್ಲೆಂಡಿನಿಂದ ಮುಂಬಯಿಯ ಅಂಗಡಿಗಳ ಮೂಲಕ ಬಂದವು. ಇದು ಮೊದಲ ದಾರಿ.

ಎರಡನೆಯದು ಹಡಗಿನ ನೌಕರಿ ಮತ್ತು ಕೊಲ್ಲಿ ದೇಶಗಳ ದುಡಿಮೆ. ಹೊನ್ನಾವರ, ಭಟ್ಕಳ, ಕಾರವಾರದ ಎಷ್ಟೋ ಮನೆಗಳಿಗೆ ಟೇಪ್ ರೆಕಾರ್ಡರ್, ಕಂಬಳಿಗಳ ಜೊತೆಗೆ ಜಪಾನಿನ, ಕೊರಿಯಾದ ರಾಡ್‌ಗಳೂ ಬಂದಿವೆ. 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳು ಪೂರ್ತಿ ತೆರವಾಗುವವರೆಗೆ ಇಂಥ ವಸ್ತುಗಳು ಒಳಬರಲು ಪ್ರಯಾಣಿಕರ ಪೆಟ್ಟಿಗೆಯೇ ಮುಖ್ಯ ದಾರಿಯಾಗಿತ್ತು. ಆ ನಂತರದವು ಅಂಗಡಿಯ ಸರಕು. ಮನೆಯ ಹಿರಿಯರು ಎಲ್ಲಿ, ಯಾವ ಕೆಲಸದಲ್ಲಿದ್ದರು ಎಂದು ಮೊದಲು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುವುದುಂಟು.

ಭಾಗಗಳ ಹೆಸರು

ಕೋಲಿನ ಉದ್ದನೆಯ ದೇಹವನ್ನು ಇಲ್ಲಿ ‘ಮೈ’ ಎನ್ನೋಣ. ದಪ್ಪ ಕಡೆ ಬುಡ, ಸಣ್ಣ ಕಡೆ ತುದಿ. ಎರಡು ಮೂರು ತುಂಡುಗಳನ್ನು ಸೇರಿಸುವ ಜಾಗ ಜೋಡಣೆ. ಅಲ್ಲಿ ಲೋಹದ ಕೊಳವೆ ಇದ್ದರೆ ಅದಕ್ಕೆ ಫೆರುಲ್ ಎನ್ನುತ್ತಾರೆ. ದಾರ ಹಾದುಹೋಗುವ ಬಳೆಗಳು ಗೈಡ್ ಉಂಗುರಗಳು. ಆ ಉಂಗುರದ ಕಾಲುಗಳನ್ನು ಮೈಗೆ ಬಿಗಿದಿರುವುದು ನೂಲಿನ ಸುತ್ತು. ಕೈಯಲ್ಲಿ ಹಿಡಿಯುವುದು ಹಿಡಿ, ದಾರ ಸುತ್ತುವ ರೀಲನ್ನು ಕೂರಿಸುವುದು ರೀಲ್ ಸೀಟು. ಇಷ್ಟು ಗೊತ್ತಿದ್ದರೆ ಸಾಕು.

ಮೂಲ ನಿಯಮ: ಹೊಸ ಭಾಗವೇ ಗಡಿ

ಶಿರಸಿ, ಸಿದ್ದಾಪುರದ ಕಡೆ ನೂರು ವರ್ಷದ ಮನೆಗೂ ವಿದ್ಯುತ್ ಸ್ವಿಚ್ಚು ಇರುತ್ತದೆ. ಸ್ವಿಚ್ಚು ನೋಡಿ ಮನೆ ಹೊಸದು ಎನ್ನುವಂತಿಲ್ಲ, ಕಂಬ ನೋಡಿ ಸ್ವಿಚ್ಚೂ ಹಳೆಯದು ಎನ್ನುವಂತಿಲ್ಲ. ಯಾವುದು ಕಟ್ಟುವಾಗಲೇ ಇದ್ದದ್ದು, ಯಾವುದು ಆಮೇಲೆ ಸೇರಿದ್ದು ಎಂದು ಬಿಡಿಸಿ ನೋಡಬೇಕು. ಕೋಲಿನ ವಿಷಯದಲ್ಲೂ ಹೀಗೆಯೇ. ಉಂಗುರ ಮುರಿಯುತ್ತದೆ, ಹಿಡಿ ಸವೆಯುತ್ತದೆ, ನೂಲು ಬಿಚ್ಚುತ್ತದೆ, ಎಲ್ಲವನ್ನೂ ಬದಲಿಸುತ್ತಾರೆ.

ಆದ್ದರಿಂದ ಲೆಕ್ಕ ಹೀಗೆ: ಮೂಲದಲ್ಲೇ ಇದ್ದ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನ ಕಾಲದ್ದೋ, ಕೋಲು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಇದು ಕೆಳಗಿನ ಗಡಿ. ಇನ್ನು ಬಳಕೆಯಿಂದ ಹೊರಬಿದ್ದ ವಿಧಾನವೋ ವಿಳಾಸವೋ ಅದರಲ್ಲಿ ಕಂಡರೆ ಮೇಲಿನ ಗಡಿಯ ಅಂದಾಜೂ ಸಿಗುತ್ತದೆ. ಇವೆರಡರ ನಡುವಿನ ಅಂತರವನ್ನು ಕಿರಿದು ಮಾಡುತ್ತ ಹೋಗುವುದೇ ಕಾಲನಿರ್ಣಯ.

ಮೈ ಯಾವುದರಿಂದ ಮಾಡಿದ್ದು

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇದು, ಏಕೆಂದರೆ ಮೈಯನ್ನು ಬದಲಿಸಿದರೆ ಕೋಲೇ ಬೇರೆಯಾಗುತ್ತದೆ.

ತೀರಾ ಹಳೆಯವು ಗಟ್ಟಿ ಮರದವು. ದಕ್ಷಿಣ ಅಮೆರಿಕದ ಗಯಾನಾದಿಂದ ಬರುತ್ತಿದ್ದ ಗ್ರೀನ್‌ಹಾರ್ಟ್ ಎಂಬ ಮರ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಇದಕ್ಕೆ ಹೆಸರಾಗಿತ್ತು. ಇಂಥ ಕೋಲು ಗುಂಡಗೆ, ಒಂದೇ ಗಟ್ಟಿ ತುಂಡಾಗಿ, ಗಾತ್ರಕ್ಕೆ ಮೀರಿ ಭಾರವಾಗಿರುತ್ತದೆ. ಎಳೆ ಉದ್ದಕ್ಕೂ ಹರಿದಿರುವುದು ಕಾಣುತ್ತದೆ, ಬಿದಿರಿನ ಗೆಣ್ಣು ಎಲ್ಲೂ ಇರುವುದಿಲ್ಲ.

ಆಮೇಲೆ ಬಂದದ್ದು ಸೀಳುಬಿದಿರಿನ ಕೋಲು. ಸಂಗ್ರಾಹಕರು ಇಂದಿಗೂ ಹುಡುಕುವುದು ಇದನ್ನೇ. ಬಿದಿರಿನ ಶಕ್ತಿಯೆಲ್ಲ ಅದರ ಹೊರಮೈಯ ಕೆಳಗಿನ ದಟ್ಟ ನಾರಿನಲ್ಲಿದೆ, ಒಳಗಿನ ತಿರುಳು ಮೆತ್ತಗೆ. ಆದ್ದರಿಂದ ಬಿದಿರನ್ನು ಉದ್ದಕ್ಕೆ ಸೀಳಿ, ಪ್ರತಿ ಸೀಳನ್ನೂ ತ್ರಿಕೋನವಾಗಿ ಹೆರೆದು, ಅಂಥ ಆರನ್ನು ಗಟ್ಟಿ ಮೈ ಹೊರಗೆ ಬರುವಂತೆ ಅಂಟಿಸುತ್ತಾರೆ. ಬುಡದಿಂದ ತುದಿಗೆ ಹೋಗುತ್ತ ಸಮನಾಗಿ ಸಣ್ಣದಾಗುವ, ಎಲ್ಲ ಕಡೆಗೂ ಒಂದೇ ತೆರನಾಗಿ ಬಾಗುವ ಕೋಲು ಸಿದ್ಧವಾಗುತ್ತದೆ. ಇದನ್ನು ಗುರುತಿಸುವುದು ಬಹಳ ಸುಲಭ: ಬೆರಳುಗಳ ನಡುವೆ ಹಿಡಿದು ಹೊರಳಿಸಿದರೆ ಆರು ಮುಖಗಳು ತಗಲುತ್ತವೆ. ಬೆಳಕಿಗೆ ಹಿಡಿದರೆ ಮುಖ ಮುಖ ಸೇರುವ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣುತ್ತದೆ. ಗೆಣ್ಣಿನ ಗುರುತುಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ಬಲಹೀನ ಜಾಗಗಳೆಲ್ಲ ಒಂದೇ ಕಡೆ ಸೇರದಿರಲೆಂದು ಹಿಂದೆ ಮುಂದೆ ಜರುಗಿಸಿರುತ್ತಾರೆ.

ಇಲ್ಲಿ ನಮ್ಮ ಸೀಮೆಗೆ ಹತ್ತಿರದ ಒಂದು ಸಂಗತಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ತಯಾರಕರು ಬಳಸುತ್ತಿದ್ದದ್ದು ಭಾರತದಿಂದ ಹೋಗುತ್ತಿದ್ದ ‘ಕಲ್ಕತ್ತಾ ಬಿದಿರು’. ಅದು ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್ ಜಾತಿಯದು. ಒಳಗೆ ಹೆಚ್ಚು ಟೊಳ್ಳಿಲ್ಲದ ಆ ಗಟ್ಟಿ ಬಿದಿರು ದಾಂಡೇಲಿಯ ಕಾಡಿನಲ್ಲೂ ಬೆಳೆಯುತ್ತದೆ. ಕಲ್ಕತ್ತಾ ಬಿದಿರಿನ ಮೇಲೆ ಸುಟ್ಟ ಕಂದು ಕಲೆಗಳು ಇರುವುದು ಸಾಮಾನ್ಯ. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ದಕ್ಷಿಣ ಚೀನಾದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು. ಅದರ ನಾರು ಇನ್ನೂ ದಟ್ಟ, ನೇರ. ಸೀಳುಬಿದಿರಿನ ಕೋಲಿನಲ್ಲಿ ಅಂಥ ಸುಟ್ಟ ಕಲೆಗಳು ಅಲ್ಲಲ್ಲಿ ಕಂಡರೆ ಬಿಸಾಡುವ ಮೊದಲು ತಿಳಿದವರಿಗೆ ತೋರಿಸಿ.

ಎರಡು ಮಹಾಯುದ್ಧಗಳ ನಡುವೆ ಉಕ್ಕಿನ ಕೊಳವೆಯ ಕೋಲುಗಳೂ ಬಂದವು. ಅಯಸ್ಕಾಂತ ಅಂಟಿದರೆ ಮುಗಿಯಿತು, ಬೇರೆ ಪರೀಕ್ಷೆ ಬೇಡ.

ನಾಲ್ಕನೆಯದು ಫೈಬರ್‌ಗ್ಲಾಸ್, ಅಂದರೆ ಗಾಜಿನ ನಾರನ್ನು ರಾಳದಲ್ಲಿ ಕೂಡಿಸಿ ಮಾಡಿದ ಮೈ. ಅಮೆರಿಕದ ಶೇಕ್ಸ್‌ಪಿಯರ್ ಕಂಪನಿ 1940ರ ದಶಕದ ಕೊನೆಯಲ್ಲಿ ‘ವಂಡರಾಡ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರವನ್ನು ನಿಷೇಧಿಸಿದಾಗ ಟೊಂಕಿನ್ ಬಿದಿರಿನ ಪೂರೈಕೆ ನಿಂತುಹೋಯಿತು. ಅಗ್ಗವಾದ, ನೀರಿಗೆ ಕೊಳೆಯದ ಗಾಜಿನ ಕೋಲಿಗೆ ದಾರಿ ಸಲೀಸಾಯಿತು. ಬಣ್ಣ ಬಳಿಯದ ಜಾಗವೊಂದನ್ನು ಹುಡುಕಿ, ಒಂದು ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಪಕ್ಕದಿಂದ ನೋಡಿ. ಜೇನು ಬಣ್ಣದಲ್ಲೋ ಮಂಜು ಬಿಳಿಯಲ್ಲೋ ಬೆಳಕು ಹಾಯ್ದರೆ ಅದು ಗಾಜು. ಹೀಗಾದರೆ ಒಂದು ವಿಷಯ ಖಚಿತ: ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕೋಲು ಅದಲ್ಲ, ಮಾರುವವರು ಏನೇ ಹೇಳಲಿ.

ಐದನೆಯದು ಕಾರ್ಬನ್. ಗ್ರಾಫೈಟ್ ಎಂದು ಬರೆದಿದ್ದರೂ ಅದೇ. ಗಟ್ಟಿ ಕಾರ್ಬನ್ ನಾರನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ವಿಮಾನಗಳಿಗಾಗಿ ರೂಪಿಸಿದರು. ಗಾಳದ ಕೋಲಿಗೆ ಅದು ಬಂದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಮೊದಮೊದಲು ತೀರಾ ದುಬಾರಿ, 1980ರ ದಶಕದಲ್ಲಿ ಎಲ್ಲರ ಕೈಗೆಟುಕಿತು. ಕಾರ್ಬನ್ ಮೈಯಲ್ಲಿ ಬೆಳಕು ಹಾಯುವುದಿಲ್ಲ. ಗಾಜಿನ ಕೋಲಿಗಿಂತ ಸಣ್ಣ, ಹಗುರ. ಬಾಗಿಸಿ ಬಿಟ್ಟರೆ ಚಕ್ಕನೆ ನೇರವಾಗುತ್ತದೆ. ಜೋಡಣೆಯ ಒಳಗೆ ಬಣ್ಣವಿಲ್ಲದ ಕಪ್ಪು ಅಂಚು ಇದ್ದರೆ ಮಲ್ಟಿಮೀಟರ್‌ನ ಎರಡು ಮೊನೆಗಳನ್ನು ಅಲ್ಲಿ ತಾಗಿಸಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಗಾಜು ಹರಿಸುವುದಿಲ್ಲ. ಈ ಕಾರಣಕ್ಕೇ ಕಾರ್ಬನ್ ಕೋಲನ್ನು ವಿದ್ಯುತ್ ತಂತಿಯ ಕೆಳಗೆ ಎತ್ತಿ ಹಿಡಿಯಬಾರದು. ಮೇ ತಿಂಗಳ, ಅಕ್ಟೋಬರ್ ತಿಂಗಳ ಗುಡುಗಿನ ಸಂಜೆಗಳಲ್ಲಿ ದಂಡೆಗೆ ತರಲೇಬಾರದು. ಒದ್ದೆಯಾದ ಗಾಜಿನ ಕೋಲನ್ನೂ ಹಾಗೆ ನಂಬುವಂತಿಲ್ಲ.

ಪೆಟ್ಟಿಗೆಯಲ್ಲಿ ಬರುವ ಜಪಾನಿ ಬಿದಿರು

ಸೀಳುಬಿದಿರು ಎಂದ ಕೂಡಲೇ ಬೆಲೆಬಾಳುವ ವಸ್ತು ಎಂದು ನಂಬಿ ಹಣ ಕಳೆದುಕೊಳ್ಳುವವರು ಹೆಚ್ಚು. ಅದಕ್ಕೆ ಈ ಎಚ್ಚರಿಕೆ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಅಮೆರಿಕನ್ ಸೈನಿಕರಿಗೆ, ಪ್ರವಾಸಿಗಳಿಗೆ ನೆನಪಿನ ಕಾಣಿಕೆಯಾಗಿ ಮಾರಲೆಂದು ಬಿದಿರಿನ ಕೋಲುಗಳನ್ನು ರಾಶಿ ರಾಶಿ ಮಾಡಿದರು. ಅಂದವಾದ ಮರದ ಪೆಟ್ಟಿಗೆ, ಒಳಗೆ ಹಲವು ತುಂಡುಗಳು, ತುಂಬಾ ಬಣ್ಣದ ನೂಲಿನ ಸುತ್ತುಗಳು, ಕೆಲವೊಮ್ಮೆ ಗಾಳಕ್ಕೆ ಕಟ್ಟುವ ಕೃತಕ ನೊಣಗಳ ಒಂದು ಡಬ್ಬಿ. ನೋಡಲು ರಾಜಗಾಂಭೀರ್ಯ, ಆದರೆ ಮೃದುವಾದ ಬಿದಿರು, ತೆಳು ಲೋಹ. ಇವು ಹಡಗಿನ ನೌಕರರ ಕೈಯಿಂದ ಬಂದರುಗಳಿಗೆಲ್ಲ ಹರಡಿವೆ. ಪೆಟ್ಟಿಗೆಯ ಮೇಲೆ ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಅಮೆರಿಕದ ಆಡಳಿತ ಅಲ್ಲಿದ್ದ ಕಾಲದ್ದು, 1952ಕ್ಕೆ ಈಚಿನದಲ್ಲ. ಬರಿದೇ ‘ಜಪಾನ್’ ಎಂದಿದ್ದರೆ ಅಷ್ಟು ನಿಖರವಾಗಿ ಹೇಳಲಾಗದು. ಗೋಡೆಯ ಮೇಲೆ ತೂಗುಹಾಕಲು ಚೆಂದ. ಅದಕ್ಕೆ ತಕ್ಕ ಬೆಲೆ ಕೊಡಿ.

ಜೋಡಣೆ, ಉಂಗುರ, ನೂಲು

ಮರ ಮತ್ತು ಬಿದಿರಿನ ಕೋಲುಗಳಲ್ಲಿ ಫೆರುಲ್ ಲೋಹದ್ದೇ. ಅಗ್ಗದವುಗಳಲ್ಲಿ ಹಿತ್ತಾಳೆ, ಉತ್ತಮವಾದವುಗಳಲ್ಲಿ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದ್ದರೂ ಇದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಗಾಜಿನ ಕೋಲುಗಳೂ ಮೊದಲಿಗೆ ಇದೇ ಲೋಹದ ಫೆರುಲ್ ಹೊತ್ತವು. 1960ರ ದಶಕದಲ್ಲಿ ಗಾಜಿನೊಳಗೆ ಗಾಜನ್ನೇ ಕೂರಿಸುವ ಜೋಡಣೆ ಬಂತು, ಮುಂದಿನ ದಶಕದಲ್ಲಿ ಅದೇ ರೂಢಿಯಾಯಿತು. ಹೀಗಾಗಿ ಗಾಜಿನ ಮೈಗೆ ಲೋಹದ ಫೆರುಲ್ ಇದ್ದರೆ ಹೆಚ್ಚಾಗಿ ಅದು 1950, 60ರ ದಶಕಗಳದ್ದು. ಅಗ್ಗದ ಕೋಲುಗಳಲ್ಲಿ ಇದು ಇನ್ನೂ ಕೆಲವು ಕಾಲ ಮುಂದುವರಿಯಿತು ಎಂಬುದನ್ನೂ ನೆನಪಿಡಬೇಕು.

ಹಳೆಯ ಉಂಗುರಗಳು ಬರಿ ತಂತಿಯವು. ಒಳ್ಳೆಯ ಕೋಲುಗಳ ಬುಡದ ಉಂಗುರಕ್ಕೂ ತುದಿಯ ಉಂಗುರಕ್ಕೂ ಅಗೇಟ್ ಕಲ್ಲಿನ ಒಳಬಳೆ ಇರುತ್ತಿತ್ತು, ಎಳೆದ ದಾರ ಲೋಹವನ್ನು ಕೊರೆಯದಿರಲೆಂದು. ಸಮುದ್ರದ ಕೋಲುಗಳಲ್ಲಿ ಪಿಂಗಾಣಿ ಬಳೆಯೂ ಇತ್ತು. ಈಗ ಎಲ್ಲೆಲ್ಲೂ ಕಾಣುವ ಸೆರಾಮಿಕ್ ಬಳೆ ಬೇರೆ. ಲೋಹದ ಚೌಕಟ್ಟು, ಅದರೊಳಗೆ ತೆಳುವಾದ ಪ್ಲಾಸ್ಟಿಕ್ ಬಳೆ, ಅದರೊಳಗೆ ನುಣುಪಾದ ಗಟ್ಟಿ ಬಳೆ ಎಂದು ಮೂರು ಪದರ ಕಂಡರೆ ಅದು ಸಾಮಾನ್ಯವಾಗಿ 1970ರ ದಶಕಕ್ಕೆ ಈಚಿನದು. ಜಪಾನಿನ ಫೂಜಿ ಕಂಪನಿಯ ಉಂಗುರಗಳು ಇದನ್ನು ಜಗತ್ತಿಗೆಲ್ಲ ಹರಡಿದವು.

ಉಂಗುರಕ್ಕಿಂತ ಹೆಚ್ಚಾಗಿ ನಾನು ನಂಬುವುದು ಅದನ್ನು ಕಟ್ಟಿದ ನೂಲನ್ನು. ಹಳೆಯದು ರೇಷ್ಮೆ, ವಾರ್ನಿಷ್ ಕುಡಿದು ಗಾಜಿನಂತೆ ಪಾರದರ್ಶಕವಾಗಿ, ಒಳಗಿನ ಬಿದಿರು ಕಾಣುವಷ್ಟು ತೆಳುವಾಗಿರುತ್ತದೆ. ನೈಲಾನ್ ನೂಲು ಯುದ್ಧದ ನಂತರದ್ದು. ನೂಲಿನ ಮೇಲೆ ದಪ್ಪನೆಯ, ಉಬ್ಬಿದ, ಹೊಳೆಯುವ ಲೇಪ ಕೂತಿದ್ದರೆ ಅದು ಎಪಾಕ್ಸಿ. 1970ರ ದಶಕದಿಂದ ಈಚೆಗೆ ಬಳಕೆಗೆ ಬಂದದ್ದು. ಎಲ್ಲ ಸುತ್ತುಗಳೂ ಒಂದೇ ಬಣ್ಣ, ಒಂದೇ ಲೇಪದಲ್ಲಿದ್ದರೆ ಉಂಗುರಗಳು ಮೂಲದ್ದೇ ಎನ್ನಲು ಧೈರ್ಯ ಬರುತ್ತದೆ. ಒಂದು ಸುತ್ತು ಮಾತ್ರ ಬೇರೆಯಾಗಿ ಎದ್ದು ಕಂಡರೆ ಅಲ್ಲಿ ದುರಸ್ತಿ ನಡೆದಿದೆ. ಇನ್ನೊಂದು ಗುರುತು: ಹಳೆಯ ಸೀಳುಬಿದಿರಿನ ಕೋಲುಗಳಲ್ಲಿ ಉಂಗುರವಿಲ್ಲದ ಕಡೆಯೂ ಒಂದೆರಡು ಅಂಗುಲಕ್ಕೊಂದರಂತೆ ನೂಲು ಸುತ್ತಿರುತ್ತದೆ. ಆಗಿನ ಪ್ರಾಣಿಜನ್ಯ ಅಂಟು ತೇವಕ್ಕೆ ಸಡಿಲವಾಗುತ್ತಿತ್ತು, ಸೀಳುಗಳು ಬಿಚ್ಚದಿರಲು ಈ ಕಟ್ಟು ಬೇಕಾಗಿತ್ತು. ರಾಸಾಯನಿಕ ಅಂಟು ಬಂದ ಮೇಲೆ ಸುತ್ತುಗಳು ವಿರಳವಾದವು.

ಹಿಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿರಡೆಯ (ಕಾರ್ಕ್) ಬಳೆಗಳನ್ನು ಪೋಣಿಸಿದ ಹಿಡಿ ನೂರು ವರ್ಷ ಹಿಂದೆಯೂ ಇತ್ತು, ಇಂದಿಗೂ ಇದೆ. ಕಪ್ಪು ಸ್ಪಂಜಿನಂಥ ಹಿಡಿ ಮಾತ್ರ 1970ರ ದಶಕದ ಕೊನೆಯಿಂದ ಈಚಿನದು.

ಅಕ್ಷರಗಳನ್ನು ಓದುವುದು

ಹೆಸರು ಹಿಡಿಯ ಮೇಲಿನ ಮೈಯಲ್ಲಿ, ಬುಡದ ಲೋಹದ ಟೊಪ್ಪಿಯಲ್ಲಿ, ರೀಲ್ ಸೀಟಿನ ಮೇಲೆ, ಫೆರುಲ್ ಮೇಲೆ ಇರಬಹುದು. ಬಟ್ಟೆಯ ಚೀಲದ ಮೇಲೆ ಹೊಲಿದ ಪಟ್ಟಿಯನ್ನೂ ನೋಡಿ. ಅಳಿಸಿಹೋದಂತೆ ಕಾಣುವ ಅಕ್ಷರಗಳಿಗೆ ಕತ್ತಲೆಯಲ್ಲಿ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟರೆ ತಗ್ಗುಗಳಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಕೆರೆಯಬೇಡಿ, ಉಜ್ಜಬೇಡಿ.

ಇಂಗ್ಲೆಂಡಿನ ಹೆಸರುಗಳಲ್ಲಿ ಮುಖ್ಯವಾದದ್ದು ಆನಿಕ್ ಊರಿನ ಹಾರ್ಡಿ ಬ್ರದರ್ಸ್, 1872ರಲ್ಲಿ ಆರಂಭವಾದದ್ದು. ಅವರ ಸೀಳುಬಿದಿರಿನ ಕೋಲುಗಳ ವ್ಯಾಪಾರಚಿಹ್ನೆ ‘ಪಲಕೋನ’. ಹಾರ್ಡಿ ಕೋಲುಗಳಲ್ಲಿ ಹಿಡಿಯ ಬಳಿ ಕ್ರಮಸಂಖ್ಯೆ ಇದ್ದರೆ ಅದರಿಂದ ವರ್ಷವನ್ನು ಸಾಕಷ್ಟು ಹತ್ತಿರಕ್ಕೆ ತರಲು ಬರುತ್ತದೆ. ಸೂಜಿ ಮತ್ತು ಗಾಳದ ಕೊಕ್ಕೆಗಳಿಗೆ ಹೆಸರಾದ ರೆಡಿಚ್ ಊರಿನ ಆಲ್‌ಕಾಕ್, ಮಿಲ್ವರ್ಡ್ ಕಂಪನಿಗಳ ಹೆಸರೂ ಕಾಣಬಹುದು. ಜಪಾನಿನ ಶಿಮಾನೊ 1921ರಲ್ಲಿ ಸೈಕಲ್ ಭಾಗಗಳಿಂದ ಶುರುವಾಗಿ ಮೀನುಹಿಡಿತದ ಸಾಮಗ್ರಿಗೆ ಕೈಹಾಕಿದ್ದು 1970ರಲ್ಲಿ. ಅದಕ್ಕಿಂತ ಹಳೆಯ ಶಿಮಾನೊ ರಾಡ್ ಇರಲಾರದು. ತೈವಾನಿನ ಒಕುಮಾ 1986ರದ್ದು. ಶೇಕ್ಸ್‌ಪಿಯರ್‌ನ ‘ಅಗ್ಲಿ ಸ್ಟಿಕ್’ 1976ರಲ್ಲಿ ಬಂತು. ತುದಿಯ ಸ್ವಲ್ಪ ಭಾಗ ಬೆಳಕು ಹಾಯುವ ಗಟ್ಟಿ ಗಾಜಿನದಾಗಿರುವುದು ಅದರ ಗುರುತು. ಅದನ್ನು ಇಂದಿಗೂ ಮಾಡುತ್ತಿದ್ದಾರೆ, ಹಾಗಾಗಿ ಆ ಹೆಸರು ಕೆಳಗಿನ ಗಡಿಯನ್ನಷ್ಟೇ ಕೊಡುತ್ತದೆ.

ದೇಶದ ಹೆಸರೂ ಸಾಕ್ಷಿಯೇ. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವಿನದು. ಪೇಟೆಂಟ್ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಪೇಟೆಂಟುಗಳು 1911ರಲ್ಲಿ ಹತ್ತು ಲಕ್ಷ, 1935ರಲ್ಲಿ ಇಪ್ಪತ್ತು ಲಕ್ಷ, 1961ರಲ್ಲಿ ಮೂವತ್ತು ಲಕ್ಷ, 1976ರಲ್ಲಿ ನಲವತ್ತು ಲಕ್ಷ ಮುಟ್ಟಿದವು. ಮೂವತ್ತು ಲಕ್ಷ ದಾಟಿದ ಸಂಖ್ಯೆ ರೀಲ್ ಸೀಟಿನಲ್ಲಿ ಕೊರೆದಿದ್ದರೆ ಆ ಸೀಟು 1961ಕ್ಕಿಂತ ಹಳೆಯದಲ್ಲ. ಬ್ರಿಟನ್ನಿನಲ್ಲಿ ಪ್ರತಿ ವರ್ಷ ಒಂದರಿಂದ ಎಣಿಸುವ ಪದ್ಧತಿ ಬಿಟ್ಟು 1916ರಲ್ಲಿ 1,00,001ರಿಂದ ನಿರಂತರ ಸಂಖ್ಯೆ ಆರಂಭಿಸಿದರು. ಪೇಟೆಂಟ್ ಸಿಕ್ಕ ಮೇಲೆ ವರ್ಷಗಟ್ಟಲೆ ಅದೇ ಸಂಖ್ಯೆ ಒತ್ತುತ್ತಿರುತ್ತಾರೆ ಎಂಬುದನ್ನು ಮರೆಯಬಾರದು.

ವಿದೇಶಿ ಪುಸ್ತಕಗಳಲ್ಲಿ ಸಿಗದ, ನಮಗಷ್ಟೇ ಉಪಯೋಗಕ್ಕೆ ಬರುವ ಸಾಕ್ಷಿ ಬೇರೆ ಇದೆ: ಮಾರಿದ ಅಂಗಡಿಯ ಚೀಟಿ. ಚೀಲದ ಒಳಗಡೆಯೋ ಹಿಡಿಯ ಬಳಿಯೋ ಮುಂಬಯಿ ಅಂಗಡಿಯ ವಿಳಾಸ ಅಂಟಿರಬಹುದು. ಬೆಲೆ ರೂಪಾಯಿ, ಆಣೆ, ಪೈಗಳಲ್ಲಿದ್ದರೆ ಅದು 1957ಕ್ಕೆ ಮುಂಚಿನದು. ಆ ವರ್ಷ ದಶಮಾನ ನಾಣ್ಯ ಬಂತು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ. ಊರಿನ ಹೆಸರಿನ ಮುಂದೆ ‘ಬಾಂಬೆ-1’ ಎಂಬಂತೆ ಒಂದೇ ಸಂಖ್ಯೆ ಇದ್ದರೆ ಅದು ಹಳೆಯ ಅಂಚೆ ವಲಯ. ಆರು ಅಂಕಿಯ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಅಂಗಡಿಯವರು ಹಳೆಯ ಚೀಟಿ ಮುಗಿಯುವವರೆಗೆ ಬಳಸಿರಬಹುದು, ಅದಕ್ಕೆ ಒಂದೆರಡು ವರ್ಷ ಬಿಟ್ಟುಕೊಡಿ. ‘ಮುಂಬಯಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ 1995ರ ನಂತರ. ಹರಿದ ಚೀಲವನ್ನು ಎಸೆಯಬೇಡಿ ಎನ್ನುವುದು ಇದಕ್ಕೇ. ಕೋಲು ಹೇಳದ್ದನ್ನು ಅದರ ಚೀಲ ಹೇಳುವುದುಂಟು.

ಒಂದು ಕೋಲು, ಹತ್ತಿರದಿಂದ

ಶಿರಸಿಯ ಪರಿಚಯದ ಮನೆಯೊಂದರಲ್ಲಿ ಹೀಗೆ ಒಂದು ಕೋಲು ನೋಡಿದೆ. ‘ದೊರೆಗಳು ಹೋಗುವಾಗ ಅಜ್ಜನಿಗೆ ಕೊಟ್ಟದ್ದಂತೆ’ ಎಂದರು ಮನೆಯ ಹಿರಿಯರು. ಎರಡು ತುಂಡು, ಹಿತ್ತಾಳೆಯ ಫೆರುಲ್, ಬಿರಡೆಯ ಹಿಡಿ, ಅದರ ಮೇಲೆ ಬೂಷ್ಟು. ಮೈಗೆ ಕಂದು ಬಣ್ಣ ಬಳಿದಿತ್ತು. ಫೆರುಲ್ ಪಕ್ಕದಲ್ಲಿ ಬಣ್ಣ ಎದ್ದುಹೋದ ಉಗುರಿನಷ್ಟು ಜಾಗಕ್ಕೆ ಟಾರ್ಚ್ ಹಿಡಿದಾಗ ಒಳಗಿಂದ ಜೇನಿನ ಬಣ್ಣ ಬೆಳಗಿತು. ಗಾಜು. ಅಲ್ಲಿಗೆ ಕೆಳಗಿನ ಗಡಿ 1940ರ ದಶಕದ ಕೊನೆಗೆ ಬಂತು.

ತುದಿಯ ಉಂಗುರ ಸೆರಾಮಿಕ್‌ನದು. ಹಾಗಾದರೆ 1970ರ ನಂತರದ ಕೋಲೇ? ಆ ಉಂಗುರದ ಸುತ್ತು ಮಾತ್ರ ಕಪ್ಪು ನೈಲಾನ್, ಮೇಲೆ ಉಬ್ಬಿದ ಎಪಾಕ್ಸಿ. ಉಳಿದವುಗಳ ಸುತ್ತು ಮಾಸಿದ ಹಸಿರು, ತೆಳು ವಾರ್ನಿಷ್, ಬರಿ ತಂತಿಯ ಉಂಗುರ. ತುದಿ ಆಮೇಲೆ ಬದಲಾದದ್ದು ಎಂದು ಸ್ಪಷ್ಟವಾಯಿತು, ಅದನ್ನು ಲೆಕ್ಕದಿಂದ ತೆಗೆದೆವು. ಚೀಲದ ಒಳಮಡಿಕೆಯಲ್ಲಿ ಅರ್ಧ ಹರಿದ ಚೀಟಿ, ‘ಬಾಂಬೆ-1’ ಎಂಬಷ್ಟು ಉಳಿದಿತ್ತು. ಪಿನ್ ಕೋಡ್ ಇಲ್ಲ. ಗಾಜಿನ ಮೈಗೆ ಲೋಹದ ಫೆರುಲ್ ಇರುವುದೂ ಅದಕ್ಕೆ ಹೊಂದಿತು. 1950ರಿಂದ 1970ರ ದಶಕದ ಮೊದಲ ವರ್ಷಗಳವರೆಗೆ ಎಂದು ನಿಂತೆವು. ದೊರೆಯ ಕತೆ ಸುಳ್ಳೆಂದು ನಾನು ಹೇಳಲಿಲ್ಲ. ಅಂಥ ಇನ್ನೊಂದು ಕೋಲು ಆ ಮನೆಯಲ್ಲಿ ಇದ್ದಿರಬಹುದು. ಈ ಕೋಲು ಮಾತ್ರ 1947ರ ಬೀಳ್ಕೊಡುಗೆ ಆಗಿರುವ ಸಂಭವ ಬಹಳ ಕಡಿಮೆ.

ತುಕ್ಕು ವಯಸ್ಸನ್ನು ಹೇಳುವುದಿಲ್ಲ

ಕರಾವಳಿಯಲ್ಲಿ ಎಲ್ಲರೂ ಎಡವುವ ಜಾಗ ಇದು. ಉಪ್ಪುಗಾಳಿಯಲ್ಲಿ ಉಂಗುರದ ಕಾಲು ಒಂದೆರಡು ಮಳೆಗಾಲದಲ್ಲೇ ಕೆಂಪಾಗುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ವಾರ್ನಿಷ್ ಬಿರಿಯುತ್ತದೆ. ಘಟ್ಟದ ಮೇಲಾದರೆ ಜುಲೈ ತಿಂಗಳಲ್ಲಿ ಬಿರಡೆಯ ಹಿಡಿಗೆ ಬೂಷ್ಟು ಬರಲು ಹೆಚ್ಚು ದಿನ ಬೇಕಿಲ್ಲ. ಹತ್ತು ವರ್ಷದ ಕೋಲು ಐವತ್ತು ವರ್ಷದ್ದರಂತೆ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟ ಸೀಳುಬಿದಿರು ಹೊಸದರಂತೆ ಇರಬಹುದು. ಸವೆತವನ್ನು ನಂಬುವುದಾದರೆ ಒಂದನ್ನು ನಂಬಿ: ಉಂಗುರದ ಒಳ ಅಂಚಿನಲ್ಲಿ ದಾರ ಕೊರೆದ ಗೀರು. ಅದು ವಯಸ್ಸನ್ನಲ್ಲ, ಕೋಲು ಎಷ್ಟು ದುಡಿದಿದೆ ಎಂಬುದನ್ನು ಹೇಳುತ್ತದೆ.

ರೀಲ್ ಜೊತೆಗೆ ಬಂದರೆ

ರೀಲ್‌ನ ಕಾಲನಿರ್ಣಯ ಕೋಲಿಗಿಂತ ಸುಲಭ, ಆದರೆ ರೀಲ್‌ನ ವಯಸ್ಸನ್ನು ಕೋಲಿಗೆ ಹೊರಿಸುವಂತಿಲ್ಲ. ಸ್ವೀಡನ್ನಿನ ಆಬು ಕಂಪನಿಯ ಆಂಬಾಸಡರ್ ರೀಲ್‌ಗಳು 1952ರಿಂದ ಬಂದವು. 1970ರ ದಶಕದ ರೀಲ್‌ಗಳ ಪಾದದ ತಳದಲ್ಲಿ ಒತ್ತಿದ ಸಂಖ್ಯೆಯ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು; 7405 ಎಂದು ಶುರುವಾದರೆ 1974ರ ಮೇ. ಅಮೆರಿಕದ ಪೆನ್ ಕಂಪನಿ 1932ರದ್ದು, ಸಮುದ್ರದ ಮೀನಿಗೆ ಅದರ ರೀಲ್‌ಗಳನ್ನು ಇಂದಿಗೂ ದುಡಿಸುವವರಿದ್ದಾರೆ. ರೀಲ್‌ನ ಪಾದ ಕೋಲಿನ ಸೀಟಿನಲ್ಲಿ ಒತ್ತಿದ ಗುರುತಿಗೆ ಸರಿಯಾಗಿ ಕೂತರೆ ಅವೆರಡೂ ಬಹುಕಾಲದ ಜೊತೆಗಾರರು ಎನ್ನಬಹುದು.

ಕೈ ಹಚ್ಚುವ ಮೊದಲು, ಹಣ ಕೊಡುವ ಮೊದಲು

ಸಿಕ್ಕ ಕೋಲನ್ನು ಒರೆಸುವ ಮೊದಲೇ ಎಲ್ಲ ಭಾಗಗಳ ಚಿತ್ರ ತೆಗೆದಿಡಿ. ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ಮರಳು ಕಾಗದ, ಹೊಸ ವಾರ್ನಿಷ್, ಹಿತ್ತಾಳೆ ಪಾಲಿಶ್ ಬೇಡ. ಮೂಲ ಲೇಪ ಹೋದರೆ ಸಾಕ್ಷಿಯೂ ಬೆಲೆಯೂ ಹೋಗುತ್ತವೆ. ಫೆರುಲ್ ಸಿಕ್ಕಿಕೊಂಡಿದ್ದರೆ ತಿರುಚಬೇಡಿ, ಬಿದಿರು ಒಳಗೇ ಮುರಿಯುತ್ತದೆ. ಇಬ್ಬರು ಎದುರುಬದುರು ನಿಂತು ನೇರವಾಗಿ ಎಳೆಯಬೇಕು. ಬಿದಿರಿನ ಕೋಲನ್ನು ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ಶಾಶ್ವತವಾಗಿ ಬಾಗುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ ಗೂಟಕ್ಕೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ನಮ್ಮ ಹವೆಗೆ ಕೂಡದು.

ಕೊಳ್ಳುವುದಾದರೆ ಇಡೀ ಕೋಲಿನ ಚಿತ್ರವೊಂದನ್ನೇ ನೋಡಿ ಒಪ್ಪಿಕೊಳ್ಳಬೇಡಿ. ಹಿಡಿಯ ಮೇಲಿನ ಬರಹ, ಫೆರುಲ್, ತುದಿಯ ಉಂಗುರ ಮತ್ತು ಅದರ ಪಕ್ಕದ ಇನ್ನೊಂದು ಉಂಗುರದ ಸುತ್ತು, ಚೀಲ ಇದ್ದರೆ ಅದರ ಒಳಮೈ, ಇವುಗಳ ಹತ್ತಿರದ ಚಿತ್ರ ಕೇಳಿ. ಬಿದಿರಾದರೆ ಒಂದು ತುದಿಯಿಂದ ಕಣ್ಣು ಹಾಯಿಸಿ ನೇರವಾಗಿದೆಯೇ, ಸೀಳುಗಳ ನಡುವೆ ಉಗುರು ಸಿಗುವಷ್ಟು ಸಂದು ಬಿಟ್ಟಿದೆಯೇ ಎಂದು ನೋಡಬೇಕು. ಇದನ್ನು ಚಿತ್ರದಲ್ಲಿ ನೋಡಲಾಗದು. ಮಾರುವವರು ದೂರದ ಊರಿನವರಾಗಿದ್ದರೆ ಅಲ್ಲಿನ ಪರಿಚಯದವರೊಬ್ಬರು ಕೋಲನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಹಣ ಕಳುಹಿಸಬೇಡಿ.